ಹದಿನಾರು ವೋಟು

2023ರ ಮೇ 12ರ ಶುಕ್ರವಾರ ರಾತ್ರಿ ಹತ್ತೂವರೆಗೆ ನ್ಯೂಜೆರ್ಸಿಯಲ್ಲಿ ನಮ್ಮವರು ಯಾರೂ ಮಲಗಿರಲಿಲ್ಲ. ಊರಲ್ಲಿ ಆಗ ಶನಿವಾರ ಬೆಳಗ್ಗೆ ಎಂಟು, ಕರ್ನಾಟಕ ವಿಧಾನಸಭೆ ಚುನಾವಣೆಯ ಮತ ಎಣಿಕೆ ಶುರು. ಗಂಟೆಯೊಳಗೆ ಇಲ್ಲಿನ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಲಾಡು ಚಿತ್ರ ಹಾಕಿದರು, ಇನ್ನೊಬ್ಬರು ಗುಂಪನ್ನೇ ಬಿಟ್ಟರು. (ವಾಪಸ್ ಬಂದಿದ್ದಾರೆ. ಯುಗಾದಿ ಊಟದ ಲೆಕ್ಕ ಅವರ ಹತ್ತಿರವೇ ಇದೆ.)

ಸಂಘಕ್ಕೆ ಪಕ್ಷವಿಲ್ಲ. ಯಾರು ಗೆದ್ದದ್ದು ಒಳ್ಳೇದು ಅಂತ ಇಲ್ಲಿ ಬರೆಯುವುದಿಲ್ಲ. ಲೆಕ್ಕ ನೋಡಬಹುದಲ್ವಾ? 224 ಸೀಟಿನಲ್ಲಿ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. ಪಕ್ಷೇತರರು ಇಬ್ಬರು. ಗಂಗಾವತಿ ಜನಾರ್ದನ ರೆಡ್ಡಿಯವರ ಹೊಸ ಪಕ್ಷಕ್ಕೆ, ಮೇಲುಕೋಟೆ ಸರ್ವೋದಯ ಕರ್ನಾಟಕ ಪಕ್ಷಕ್ಕೆ.

2018ರಲ್ಲಿ ಬಿಜೆಪಿಗೆ 104 ಬಂದಿತ್ತು. ಹಾಗಾದರೆ ಅದರ ವೋಟು ಕರಗಿತಾ? ಇಲ್ಲ. ಆಗಲೂ ಶೇ. 36 ಚಿಲ್ಲರೆ, ಈಗಲೂ ಶೇ. 36. ಬಿದ್ದದ್ದು ಜೆಡಿಎಸ್, ಶೇ. 18ರಿಂದ 13ಕ್ಕೆ. ಕಾಂಗ್ರೆಸ್ 38ರಿಂದ 43ರ ಹತ್ತಿರ ಬಂತು. ಮಂಡ್ಯ ಜಿಲ್ಲೆ ನೋಡಿ. ಹೋದ ಸಲ ಏಳಕ್ಕೆ ಏಳೂ ಜೆಡಿಎಸ್. ಈ ಸಲ ಕೆ.ಆರ್. ಪೇಟೆ ಒಂದೇ ಉಳಿಯಿತು.

ಅದೇ ಜಿಲ್ಲೆಯ ಮೇಲುಕೋಟೆಯಲ್ಲಿ ಗೆದ್ದ ದರ್ಶನ್ ಪುಟ್ಟಣ್ಣಯ್ಯ ಅಮೆರಿಕದಲ್ಲಿ ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದವರು. ತಂದೆ, ರೈತಸಂಘದ ಕೆ.ಎಸ್. ಪುಟ್ಟಣ್ಣಯ್ಯ 2018ರಲ್ಲಿ ತೀರಿಕೊಂಡ ಮೇಲೆ ಊರಿಗೆ ಹೋಗಿ ಚುನಾವಣೆಗೆ ನಿಂತರು, ಸೋತರು. ಈ ಸಲ ಕಾಂಗ್ರೆಸ್ ಬೆಂಬಲದಿಂದ ಗೆದ್ದರು. 'ಇನ್ನೆರಡು ವರ್ಷ, ಆಮೇಲೆ ಊರಿಗೇ' ಅಂತ ಪ್ರತಿ ಪಿಕ್ನಿಕ್‌ನಲ್ಲೂ ಹೇಳುವವರು ನಾವು. ಹದಿನೈದು ವರ್ಷದಿಂದ ಹೇಳುತ್ತಿದ್ದೇವೆ.

ನನಗೆ ನಿದ್ದೆ ಕೆಡಿಸಿದ್ದು ಮಾತ್ರ ಬೆಂಗಳೂರಿನ ಜಯನಗರ. ನಮ್ಮ ದೊಡ್ಡಮ್ಮನ ಕ್ಷೇತ್ರ ಅದು. ಅವರಿಗೆ 86. ಎಂಬತ್ತು ದಾಟಿದವರು ಮನೆಯಲ್ಲೇ ವೋಟು ಹಾಕುವ ಅವಕಾಶ ರಾಜ್ಯದ ವಿಧಾನಸಭೆ ಚುನಾವಣೆಯಲ್ಲಿ 2023ರಲ್ಲೇ ಮೊದಲು ಸಿಕ್ಕಿತ್ತು. ಮತದಾನದ ದಿನಕ್ಕೆ ಮುಂಚೆಯೇ ಅಧಿಕಾರಿಗಳು ಬಂದರಂತೆ, ವಿಡಿಯೋದವನನ್ನೂ ಕರಕೊಂಡು. ಊಟದ ಮೇಜಿನ ಮೇಲೆ ರಟ್ಟಿನ ಮರೆ ಇಟ್ಟರು. ದೊಡ್ಡಮ್ಮ ಗುರುತು ಹಾಕಿ, ಕವರು ಅಂಟಿಸಿ ಕೊಟ್ಟು, ಎಲ್ಲರಿಗೂ ಕಾಫಿ ಕೇಳಿದರಂತೆ. ಡ್ಯೂಟಿಯಲ್ಲಿದ್ದೀವಿ ಅಂತ ಯಾರೂ ಕುಡಿಯಲಿಲ್ಲ. ಅವರಿಗೆ ಅದೇ ಬೇಜಾರು.

ಹೀಗೆ ಮನೆಯಲ್ಲಿ ಹಾಕಿದ ವೋಟು ಅಂಚೆ ಮತಗಳ ಜೊತೆ ಎಣಿಕೆಗೆ ಹೋಗುತ್ತದೆ. ಜಯನಗರದಲ್ಲಿ ಮೊದಲು ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಮುಂದಿದ್ದರು. ಜಗಳವಾಯಿತು, ತಿರಸ್ಕರಿಸಿದ ಅಂಚೆ ಮತಗಳನ್ನು ಮತ್ತೆ ನೋಡಿದರು. ಶನಿವಾರ ರಾತ್ರಿ ಬಿಜೆಪಿಯ ಸಿ.ಕೆ. ರಾಮಮೂರ್ತಿ 16 ಮತದಿಂದ ಗೆದ್ದರು ಅಂತ ಘೋಷಣೆ ಬಂತು. ಇಲ್ಲಿ ಆಗ ಮಧ್ಯಾಹ್ನ, ಕಾಸ್ಟ್‌ಕೋ ಪಾರ್ಕಿಂಗ್‌ನಲ್ಲಿ ಕಾರಿನಿಂದ ಇಳಿಯದೆ ಫೋನ್ ನೋಡುತ್ತ ಕೂತಿದ್ದೆ.

ಮಾರನೇ ದಿನ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಯಾರಿಗೆ ಹಾಕಿದಿರಿ ಅಂತ ಕೇಳಿದರೆ ಹೇಳಲಿಲ್ಲ. "ಹದಿನಾರೇನೋ? ನಮ್ಮ ಬೀದಿಯಿಂದ ಅಮೆರಿಕಕ್ಕೆ ಹೋದವರೇ ಅದಕ್ಕಿಂತ ಜಾಸ್ತಿ ಇದ್ದೀರಿ" ಅಂದರು.

ಇಲ್ಲಿನ ಪೌರತ್ವ ತಗೊಂಡವರಿಗೆ ವೋಟಿಲ್ಲ, ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ ಇಲ್ಲ. ಭಾರತದ ಪಾಸ್‌ಪೋರ್ಟ್ ಇನ್ನೂ ಇಟ್ಟುಕೊಂಡವರು ಫಾರಂ 6ಎ ತುಂಬಿ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು. ಆದರೆ ಅಂಚೆಯಲ್ಲಿ ಕಳಿಸುವ ಹಾಗಿಲ್ಲ. ಪಾಸ್‌ಪೋರ್ಟ್ ಹಿಡಿದು ಬೂತಿಗೆ ನಾವೇ ಹೋಗಬೇಕು. ಮರುವರ್ಷ, 2024ರಲ್ಲಿ, ಲೋಕಸಭೆ ಚುನಾವಣೆ ಇತ್ತು. 2019ರಂತೆ ಅದೂ ಬೆಂಗಳೂರಿಗೆ ಏಪ್ರಿಲ್‌ನಲ್ಲೇ ಬಂತು, ನಮ್ಮ ಮಕ್ಕಳಿಗೆ ಶಾಲೆ ಮುಗಿಯುವುದು ಜೂನ್‌ನಲ್ಲಿ.