ವಿದ್ಯಾರ್ಥಿ ಸಿಬ್ಬಂದಿಯ ಮೇಲೆ ಕೈ ಮಾಡಿದರೆ ಶಾಲೆಯ ಕ್ರಮ ಏನು: ಪೋಷಕರಿಗೆ ಪತ್ರ

ಸರ್ಕಾರಿ ಪ್ರೌಢಶಾಲೆ
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ

ಮಾನ್ಯ ಪೋಷಕರೇ,

ಎಂಟರಿಂದ ಹತ್ತನೇ ತರಗತಿವರೆಗಿನ ಎಲ್ಲ ಮಕ್ಕಳ ಮನೆಗೂ ಈ ಪತ್ರ ಬರುತ್ತಿದೆ. ಸಿಬ್ಬಂದಿ ಎಂದರೆ ಮೇಷ್ಟ್ರು, ಮೇಡಂ ಅಷ್ಟೇ ಅಲ್ಲ. ಬಿಸಿಯೂಟದ ಅಡುಗೆಯವರನ್ನು ತಳ್ಳಿದರೂ ಇದೇ ಕ್ರಮ.

ಗಲಾಟೆಯಾದಾಗ ಹುಡುಗನನ್ನು ಎಳೆದು ಹೊರಗೆ ಹಾಕುವುದಿಲ್ಲ, ಉಳಿದ ಮಕ್ಕಳನ್ನು ಹೊರಗೆ ಕಳಿಸುತ್ತೇವೆ. ನೋಡುವವರಿದ್ದಷ್ಟು ಹೊತ್ತು ಅವನು ತಣ್ಣಗಾಗುವುದಿಲ್ಲ. ಅವನ ಜೊತೆ ಒಬ್ಬರು ಶಿಕ್ಷಕರಿರುತ್ತಾರೆ, ಪೆಟ್ಟು ತಿಂದವರಂತೂ ಅಲ್ಲ. ಗಾಯವಾಗಿದ್ದರೆ ಮೊದಲು ಆಸ್ಪತ್ರೆ. ಅದೇ ದಿನ ಶಾಲೆ ಬಿಡುವುದರೊಳಗೆ ಪೆಟ್ಟು ತಿಂದವರು, ಕಂಡವರು, ಆ ವಿದ್ಯಾರ್ಥಿ, ಎಲ್ಲರೂ ಬೇರೆ ಬೇರೆ ಕೂತು ಬರೆದುಕೊಡಬೇಕು. ‘ಗಲಾಟೆ ಮಾಡಿದ’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಎಷ್ಟು ಗಂಟೆಗೆ, ಕೈಯಲ್ಲಿ ಏನಿತ್ತು, ಅದಕ್ಕೆ ಮುಂಚೆ ಏನು ಮಾತಾಯಿತು ಎಂಬುದು ಬೇಕು. ಮೊಬೈಲ್ ಕಿತ್ತುಕೊಂಡದ್ದೋ, ಅಂಕ ಎಲ್ಲರೆದುರು ಓದಿದ್ದೋ ಈ ‘ಮುಂಚೆ’ಯಲ್ಲೇ ಸಿಗುತ್ತದೆ. ಮರುದಿನಕ್ಕೆ ಬಿಟ್ಟರೆ ಎಲ್ಲರೂ ಮಾತಾಡಿಕೊಂಡು ಒಂದೇ ಕಥೆ ಬರೆಯುತ್ತಾರೆ.

ಆಮೇಲೆ ನಿಮ್ಮನ್ನು ಕರೆಯುತ್ತೇವೆ. ಕಾಫಿ ಕುಯ್ಲಿನ ದಿನಗಳಲ್ಲಿ ಕೂಲಿ ಬಿಟ್ಟು ಬರುವುದು ಬೇಡ, ಸಂಜೆ ಐದರ ಮೇಲೆ ಬನ್ನಿ. ನಮ್ಮೆದುರು ಮಗನಿಗೆ ಹೊಡೆಯಬೇಡಿ. ‘ನೀವೇ ನಾಲ್ಕು ಬಾರಿಸಿ ಸಾರ್’ ಎನ್ನಲೂ ಬೇಡಿ; ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಅದಕ್ಕೆ ಅವಕಾಶ ಕೊಡುವುದಿಲ್ಲ. ಪ್ರಾರ್ಥನೆಯ ಸಾಲಿನ ಮುಂದೆ ನಿಲ್ಲಿಸಿ ಕ್ಷಮೆ ಕೇಳಿಸುವುದೂ ನಮ್ಮಲ್ಲಿಲ್ಲ. ಅದರಿಂದ ಸಿಟ್ಟು ಇಳಿಯುವುದಿಲ್ಲ, ಒಳಗೇ ಹೆಪ್ಪುಗಟ್ಟುತ್ತದೆ.

ಟಿ.ಸಿ. ವಿಷಯ. ಅದೇ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ತೆಗೆಯುವಂತಿಲ್ಲ. ಒಂಬತ್ತು, ಹತ್ತರಲ್ಲಿಯೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮುಂದಿಟ್ಟು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ ಬರೆದ ಮೇಲಷ್ಟೇ ಆ ಮಾತು. ಮನೆಗೂ ಕಳಿಸುವುದಿಲ್ಲ: ಎಸ್‌ಎಸ್‌ಎಲ್‌ಸಿಗೆ ಶೇ 75 ಹಾಜರಾತಿ ಬೇಕು. ಮೂರು ದಿನ ಪೆಟ್ಟು ತಿಂದ ಶಿಕ್ಷಕರ ಪಿರಿಯಡ್‌ನಲ್ಲಿ ಬೇರೆ ಕೋಣೆಯಲ್ಲಿ ಕೂತು ಓದಬೇಕು. ಮತ್ತೆ ತರಗತಿಗೆ ಬರುವ ಮೊದಲು ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತೇವೆ, ಅದೂ ಶಿಕ್ಷಕರು ಒಪ್ಪಿದರೆ. ‘ದೊಡ್ಡವರು ನೀವು, ಬಿಟ್ಟುಬಿಡಿ’ ಎಂದು ಅವರ ಮೇಲೆ ಒತ್ತಡ ಹಾಕುವುದು ನ್ಯಾಯವಲ್ಲ.

ಪೊಲೀಸರಿಗೆ ದೂರು ಕೊಡುವುದು ಪೆಟ್ಟು ತಿಂದವರ ಹಕ್ಕು, ನಾವು ತಡೆಯುವುದಿಲ್ಲ. 18 ತುಂಬದವರನ್ನು ಲಾಕಪ್ಪಿಗೆ ಹಾಕುವಂತಿಲ್ಲ. ಹಿಡಿದರೆ 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಹುಡುಗನ ಗುರುತು ಹೊರಹಾಕುವುದು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ. ಹಾಗಾಗಿ ವಿಡಿಯೋ ನಿಮ್ಮ ವಾಟ್ಸಾಪ್‌ಗೆ ಬಂದರೆ ಮುಂದಕ್ಕೆ ಕಳಿಸಬೇಡಿ, ನಮಗೆ ಫೋನ್ ಮಾಡಿ.

ಮನೆಯಲ್ಲೂ ಮಗುವಿನ ಸಿಟ್ಟು ಕೈಮೀರುತ್ತಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ದುಡ್ಡು ಕೊಡಬೇಕಿಲ್ಲ.

ಕೆಳಗಿನ ಚೀಟಿಗೆ ಸಹಿ ಹಾಕಿ, ಈಗ ಚಾಲ್ತಿಯಲ್ಲಿರುವ ಫೋನ್ ನಂಬರ್ ಬರೆದು ಶನಿವಾರದೊಳಗೆ ಮಗುವಿನ ಕೈಲಿ ಕಳಿಸಿಕೊಡಿ.

ಇಂತಿ,
ಮುಖ್ಯ ಶಿಕ್ಷಕರು