ಮೂರನೇ ಪುಟದ ಆ ಪ್ಯಾರಾ

ಸರಸ್ವತಿಪುರಂ, ಮೈಸೂರು

ಪ್ರೀತಿಯ ತಂಗಿ,

ನಿನ್ನ ಪತ್ರ ಬಂತು. ಜೊತೆಗೆ ಅರ್ಧಕ್ಕೆ ನಿಂತ ಆಲೆಮನೆ ಕಥೆಯೂ ಬಂತು. ಪತ್ರಕ್ಕಿಂತ ಮೊದಲು ಕಥೆಯನ್ನೇ ಓದಿದೆ. ಅದರ ಮಾತು ಆಮೇಲೆ ಆಡೋಣ. ನೀನು ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನಾನೂ ಸಲಿಗೆಯಿಂದಲೇ ಬರೆಯುತ್ತೇನೆ.

ಮಾನಸಗಂಗೋತ್ರಿಯಲ್ಲಿ ನಿನ್ನ ಜೊತೆ ಎಂಎ ಓದಿದ ಗೆಳತಿಗೆ ಕಥಾಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು. ಆಮೇಲೆ ಅವಳ ಪುಸ್ತಕವೂ ಬಂತು. ನೀನು ಮಂಡ್ಯದ ಮನೆಯಲ್ಲಿ ಕೂತು ಬೆಂಗಳೂರಿನ ಧಾರಾವಾಹಿಗೆ ದಿನಾ ಸಂಭಾಷಣೆ ಬರೆದು ಕಳಿಸುತ್ತಿದ್ದೀಯ. ರಾತ್ರಿ ಸ್ವಂತ ಕಥೆ ಬರೆಯೋಣ ಅಂತ ಕೂತರೆ ಕೈ ಮೊಬೈಲಿಗೆ ಹೋಗುತ್ತೆ. ಅಲ್ಲಿ ಅವಳ ಪುಸ್ತಕ ಬಿಡುಗಡೆಯ ಫೋಟೊ, ಕೆಳಗೆ ನೂರಾರು ಜನರ ಅಭಿನಂದನೆ. ಅಲ್ಲಿಗೆ ನಿನ್ನ ಕಥೆ ಮುಚ್ಚಿಕೊಳ್ಳುತ್ತೆ. 'ನನಗೆ ಬರೆಯೋಕೆ ಬರುತ್ತಾ ಇಲ್ವಾ ಅನ್ನೋದೇ ಗೊತ್ತಾಗ್ತಿಲ್ಲ ಅಕ್ಕ' ಅಂತ ಬರೆದಿದ್ದೀಯ. ಓದಿ ನನಗೂ ಬೇಜಾರಾಯಿತು.

ಒಂದು ವಿಷಯ ಗಮನಿಸಿದೆಯಾ? ನಿನ್ನ ಪತ್ರದಲ್ಲಿ ಕುವೆಂಪು ಇಲ್ಲ. ಅವರಷ್ಟು ಬರೆಯೋಕೆ ಆಗಲಿಲ್ಲವಲ್ಲ ಅಂತ ನೀನು ಒಂದು ರಾತ್ರಿಯೂ ನಿದ್ದೆಗೆಟ್ಟಿಲ್ಲ. ನಿದ್ದೆ ಕೆಡಿಸಿರುವುದು ನಿನ್ನದೇ ವಯಸ್ಸಿನ, ನಿನ್ನದೇ ಕ್ಲಾಸಿನ ಹುಡುಗಿ. ಎಲ್ಲರದ್ದೂ ಇದೇ ಪಾಡು. ಲಿಯಾನ್ ಫೆಸ್ಟಿಂಜರ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ 1954ರಲ್ಲೇ ಇದರ ಬಗ್ಗೆ ಬರೆದಿದ್ದಾನೆ. ನೇರವಾಗಿ ಅಳೆಯೋಕೆ ಏನೂ ಸಿಗದಾಗ ಮನುಷ್ಯ ಇನ್ನೊಬ್ಬರ ಪಕ್ಕ ನಿಂತು ತನ್ನನ್ನು ಅಳೆದುಕೊಳ್ಳುತ್ತಾನೆ, ಅದರಲ್ಲೂ ತನ್ನಂಥವರನ್ನೇ ಹುಡುಕಿಕೊಂಡು ಹೋಗುತ್ತಾನೆ ಅಂತ. ಓಟಕ್ಕೆ ಗಡಿಯಾರ ಇದೆ. ಕಥೆಗೆ ಅಂಥದ್ದೇನೂ ಇಲ್ಲ. ಹಾಗಾಗಿ ನೀನು ಗೆಳತಿಯನ್ನೇ ಅಳತೆಗೋಲು ಮಾಡಿಕೊಂಡಿದ್ದೀಯ. ಅದಕ್ಕೆ ನಾಚಿಕೆ ಪಡಬೇಡ. ನಿನ್ನ ಮನಸ್ಸು ಸಣ್ಣದು ಅಂತಲೂ ಅಂದುಕೊಳ್ಳಬೇಡ.

ಆದರೆ ಆ ಬಹುಮಾನ ಏನನ್ನು ಅಳೆಯಿತು ಅನ್ನೋದು ನಿನಗೆ ಗೊತ್ತಿರಲಿ. ನಾನು ಕಥಾಸ್ಪರ್ಧೆಗಳಿಗೆ ತೀರ್ಪುಗಾರಳಾಗಿ ಕೂತಿದ್ದೇನೆ. ಅಲ್ಲಿ ಏನಾಗುತ್ತೆ ಅಂತ ಹೇಳುತ್ತೇನೆ, ಕೇಳು. ಕಥೆಗಳ ಕಟ್ಟು ಮನೆಗೆ ಬರುತ್ತೆ. ಹೆಸರು ಇರುವುದಿಲ್ಲ, ನಂಬರ್ ಮಾತ್ರ. ತೀರಾ ಸೋತ ಕಥೆಗಳು ಮೊದಲ ಓದಿಗೇ ಬದಿಗೆ ಹೋಗುತ್ತವೆ. ಅದರಲ್ಲಿ ಯಾರಿಗೂ ತಕರಾರಿಲ್ಲ. ಕೊನೆಗೆ ಒಂದು ಹಿಡಿ ಕಥೆ ಉಳಿಯುತ್ತವೆ, ಎಲ್ಲವೂ ಚೆನ್ನಾಗಿಯೇ ಇರುತ್ತವೆ. ಕಷ್ಟ ಶುರುವಾಗುವುದೇ ಅಲ್ಲಿ. ಒಬ್ಬರಿಗೆ ಒಂದು ಕಥೆ ಅಂದರೆ ಪ್ರಾಣ, ಇನ್ನೊಬ್ಬರಿಗೆ ಅದೇ ಕಥೆ ಸಪ್ಪೆ. ಇವರ ಮೊದಲನೆಯದು ಅವರ ಪಟ್ಟಿಯಲ್ಲೇ ಇಲ್ಲ. ಮಧ್ಯಾಹ್ನದ ತನಕ ಮಾತಾಗುತ್ತೆ. ಆಮೇಲೆ ಎಲ್ಲರೂ ಎರಡನೆಯದೋ ಮೂರನೆಯದೋ ಅಂತ ಇಟ್ಟುಕೊಂಡಿದ್ದ ಕಥೆ ಮೇಲೆ ಬಂದು ಮೊದಲ ಬಹುಮಾನ ತಗೊಳ್ಳುತ್ತೆ. ಇದರಲ್ಲಿ ಮೋಸ ಇಲ್ಲ. ಮೂವರು ಓದುಗರು ಒಂದು ಮೇಜಿನ ಸುತ್ತ ಕೂತರೆ ಆಗುವುದೇ ಇಷ್ಟು. ಯಾರೋ ಒಬ್ಬರು ಎದೆಗೆ ಹಚ್ಚಿಕೊಂಡಿದ್ದ ಕಥೆ ಸುಮ್ನೆ ಕಟ್ಟಿನೊಳಗೆ ಹೋಗಿಬಿಡುತ್ತೆ. ಅದನ್ನು ಬರೆದವರಿಗೆ ಆ ವಿಷಯ ಗೊತ್ತೇ ಆಗುವುದಿಲ್ಲ. ಹೀಗೆ ಕಟ್ಟಿನೊಳಗೆ ಹೋದ ಕಥೆಗಳಲ್ಲಿ ಕೆಲವು ನನಗೆ ಇವತ್ತಿಗೂ ನೆನಪಿವೆ.

ನಿನ್ನ ಗೆಳತಿಯ ಕಥೆ ಚೆನ್ನಾಗಿಲ್ಲ ಅಂತ ಹೇಳುತ್ತಿಲ್ಲ. ನಾನೂ ಓದಿದೆ, ಚೆನ್ನಾಗಿದೆ. ಅದಕ್ಕೆ ಬಹುಮಾನ ಬಂದಿದ್ದಕ್ಕೂ ನಿನ್ನ ಕಥೆ ನಿಂತಿದ್ದಕ್ಕೂ ಸಂಬಂಧ ಇಲ್ಲ ಅಂತಷ್ಟೇ ಹೇಳುತ್ತಿದ್ದೇನೆ.

ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆ ನೋಡಿದ್ದೀಯ ಅಲ್ವಾ, ಈಗ ವಸ್ತುಸಂಗ್ರಹಾಲಯ ಆಗಿದೆಯಲ್ಲ, ಅದು. ಅವರ ಮೊದಲ ಕಾದಂಬರಿಯನ್ನು ಇಂಗ್ಲೆಂಡಿನ ಪ್ರಕಾಶಕರು ಒಬ್ಬರ ಹಿಂದೆ ಒಬ್ಬರು ವಾಪಸ್ ಮಾಡಿದ್ದರು. ಕೊನೆಗೆ, ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಅಂತ ಅಲ್ಲಿದ್ದ ಗೆಳೆಯನಿಗೆ ಹೇಳಿದ್ದರು. ಗೆಳೆಯ ಎಸೆಯಲಿಲ್ಲ. ಅಲ್ಲಿನ ಕಾದಂಬರಿಕಾರ ಗ್ರಹಾಂ ಗ್ರೀನ್ ಕೈಗೆ ಕೊಟ್ಟ. 1935ರಲ್ಲಿ ಪುಸ್ತಕ ಬಂತು. ಬಂದ ಮೇಲಾದರೂ ಜೋರಾಗಿ ಮಾರಾಟ ಆಯಿತಾ ಅಂದರೆ ಅದೂ ಇಲ್ಲ. ಮೊದಲ ಮೂರು ಕಾದಂಬರಿಗಳನ್ನು ಮೂವರು ಬೇರೆ ಬೇರೆ ಪ್ರಕಾಶಕರು ತಂದರು. ವಾಪಸ್ ಬಂದಾಗಲೂ ಅಚ್ಚಾದಾಗಲೂ ಹಸ್ತಪ್ರತಿ ಅದೇ. ಓದಿದವರು ಮಾತ್ರ ಬೇರೆ.

ಇನ್ನು ನಿನ್ನ ಇನ್ನೊಂದು ಚಿಂತೆ. ಅವಳು ಇಷ್ಟು ಬೇಗ ಇಷ್ಟೊಂದು ಬರೆದಳು, ನನ್ನದು ವರ್ಷಕ್ಕೊಂದು ಕಥೆಯೂ ಆಗುವುದಿಲ್ಲ ಅನ್ನೋದು. ಇದಕ್ಕೆ ಉತ್ತರ ನಮ್ಮ ಮೈಸೂರಿನಲ್ಲೇ ಇದೆ. ಭೈರಪ್ಪನವರು 20ಕ್ಕೂ ಹೆಚ್ಚು ಕಾದಂಬರಿ ಬರೆದರು, ಅದರಲ್ಲಿ ದಪ್ಪ ಪುಸ್ತಕಗಳೇ ಜಾಸ್ತಿ. ದೇವನೂರ ಮಹಾದೇವ ಅವರ ಕಥೆ, ಕಾದಂಬರಿ ಎಲ್ಲ ಸೇರಿಸಿದರೂ ಒಂದು ಕೈಯಲ್ಲಿ ಹಿಡಿಯಬಹುದು. ಭೈರಪ್ಪನವರಿಗೆ 1975ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂತು, ಮಹಾದೇವ ಅವರಿಗೆ 1990ರಲ್ಲಿ. ಇಬ್ಬರೂ ಒಂದೇ ಊರಿನಲ್ಲಿ ಇದ್ದವರು. ಒಬ್ಬರ ವೇಗದಲ್ಲಿ ಇನ್ನೊಬ್ಬರು ಬರೆಯೋಕೆ ಹೋಗಿದ್ದರೆ ಕನ್ನಡಕ್ಕೆ ಇಬ್ಬರಲ್ಲಿ ಒಬ್ಬರು ದಕ್ಕುತ್ತಿರಲಿಲ್ಲ. ನಿನ್ನ ವೇಗ ಯಾವುದು ಅಂತ ನಿನಗೇ ಇನ್ನೂ ಗೊತ್ತಿಲ್ಲ. ಗೊತ್ತಾಗೋಕೆ ಇನ್ನೂ ಒಂದಷ್ಟು ಕಥೆ ಬೇಕು.

ನಿನ್ನ ಜಿಲ್ಲೆಯವರನ್ನೇ ನೋಡು. ಕೆ.ಎಸ್. ನರಸಿಂಹಸ್ವಾಮಿ ಕಿಕ್ಕೇರಿಯವರು. 1942ರಲ್ಲಿ 'ಮೈಸೂರು ಮಲ್ಲಿಗೆ' ಬಂದಾಗ ಅವರಿಗಿನ್ನೂ 30 ಕೂಡ ಆಗಿರಲಿಲ್ಲ. ಮದುವೆ ಮನೆಯಿಂದ ಹಿಡಿದು ಹಾಡಿನ ಕ್ಲಾಸಿನ ತನಕ ಆ ಪದ್ಯಗಳು ಹೋದವು. ಇಷ್ಟು ಹೆಸರು ಬಂದ ಮೇಲೆ ಅನುಮಾನಕ್ಕೆ ಜಾಗ ಎಲ್ಲಿ ಅಂತ ನಿನಗೆ ಅನ್ನಿಸಬಹುದು. ಆದರೆ ಅಷ್ಟರಲ್ಲಿ ನವ್ಯ ಅನ್ನೋ ಹೊಸ ಬಗೆಯ ಕಾವ್ಯದ ಗಾಳಿ ಬೀಸಿತು. ಇವರು ಬರೀ ದಾಂಪತ್ಯದ ಕವಿ, ಸಲೀಸಾಗಿ ಹಾಡುವ ಕವಿ ಅನ್ನೋ ಮಾತು ಶುರುವಾಯಿತು. ಹೊಸ ಕವಿಗಳ ಪಕ್ಕ ಅವರನ್ನು ನಿಲ್ಲಿಸಿ ನೋಡಿದರು. ಅದು ಸಾಲದು ಅಂತ ಓದುಗರು ಅವರ ಪ್ರತಿ ಹೊಸ ಪುಸ್ತಕವನ್ನೂ ಆ ಮೊದಲ ಪುಸ್ತಕದ ಪಕ್ಕ ಇಟ್ಟು ನೋಡಿದರು. ಇನ್ನೊಬ್ಬರ ಜೊತೆ ಹೋಲಿಸಿದರೆ ಹೇಗೋ ತಡೆದುಕೊಳ್ಳಬಹುದು. 27ನೇ ವಯಸ್ಸಿನ ತನ್ನ ಜೊತೆಗೇ ತನ್ನನ್ನು ಜೀವಮಾನವಿಡೀ ಹೋಲಿಸುತ್ತಿದ್ದರೆ ಏನು ಮಾಡುವುದು?

ಅವರು ಬರೆದರು. ಸರ್ಕಾರಿ ಗುಮಾಸ್ತಿಕೆ ಮಾಡಿಕೊಂಡೇ ಬರೆದರು. 1958ರ 'ಶಿಲಾಲತೆ' ತೆಗೆದು ನೋಡು, ಅಲ್ಲಿ ದನಿ ಬೇರೆಯಾಗಿದೆ. ನವ್ಯದಿಂದ ತಗೊಳ್ಳಬೇಕಾದ್ದು ತಗೊಂಡಿದ್ದಾರೆ, ಹಾಡು ಬಿಟ್ಟಿಲ್ಲ. 1977ರಲ್ಲಿ ಅಕಾಡೆಮಿ ಬಹುಮಾನ ಬಂದಿದ್ದು 'ತೆರೆದ ಬಾಗಿಲು' ಸಂಕಲನಕ್ಕೆ. ಮೊದಲ ಪುಸ್ತಕ ಬಂದು ಆಗ 35 ವರ್ಷ. ಈ ಎರಡು ಸಂಕಲನ ಒಟ್ಟಿಗೆ ಇಟ್ಟುಕೊಂಡು ಓದು ಅಂತ ನಿನಗೆ ಒತ್ತಾಯ ಮಾಡುತ್ತೇನೆ. ಹೋಲಿಕೆಯ ಕಾಟ ಇದ್ದಾಗಲೂ ಒಬ್ಬ ಕವಿ ಹೇಗೆ ಬೆಳೆಯುತ್ತಾನೆ ಅಂತ ಅಲ್ಲಿ ಕಣ್ಣಿಗೆ ಕಾಣುತ್ತೆ.

ಈಗ ನಿನ್ನ ಕಥೆಗೆ ಬರೋಣ. ನಾನು ಈ ಪತ್ರ ಬರೆಯೋಕೆ ಕೂತಿದ್ದೇ ಇದಕ್ಕೆ.

ಎರಡನೇ ಪುಟದಲ್ಲಿ ಅಪ್ಪ ಕೊಪ್ಪರಿಗೆ ಪಕ್ಕ ನಿಂತಿದ್ದಾನೆ. ಕಬ್ಬಿನ ಹಾಲು ಕುದ್ದು ಕುದ್ದು ಪಾಕಕ್ಕೆ ಬಂದಿದೆ. ತಣ್ಣೀರಿನ ಬೋಗುಣಿಗೆ ಒಂದಿಷ್ಟು ಪಾಕ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ನೋಡುತ್ತಾನೆ. ಉಂಡೆ ಕಟ್ಟಿದರೆ ಇಳಿಸಬೇಕು, ತಡವಾದರೆ ಬೆಲ್ಲ ಕೆಟ್ಟಿತು. ವರ್ಷಗಟ್ಟಲೆ ಬಿಸಿ ಪಾಕ ಮುಟ್ಟಿ ಅವನ ಬೆರಳ ತುದಿ ಜಡ್ಡುಗಟ್ಟಿದೆ. ಹದ ಗೊತ್ತಾಗುತ್ತಿಲ್ಲ. ಅದನ್ನು ಯಾರಿಗೂ ಹೇಳಿಲ್ಲ. ಮಗಳನ್ನು ಕರೆದು, ಅವಳ ಕೈ ಹಿಡಿದು ಬೋಗುಣಿಗೆ ಇಳಿಸುತ್ತಾನೆ. 'ಹೆಂಗದೆ?' ಅಂತ ಮೆಲ್ಲಗೆ ಕೇಳುತ್ತಾನೆ. ಮಗಳು, 'ಇನ್ನೊಸಿ ಬೇಕು' ಅನ್ನುತ್ತಾಳೆ.

ಇದನ್ನು ಓದಿ ನಾನು ಕಾಗದ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆ 'ಇನ್ನೊಸಿ ಬೇಕು' ಅನ್ನೋ ಮಾತನ್ನು ಬೇರೆ ಯಾರೂ ಬರೆಯೋಕೆ ಆಗುವುದಿಲ್ಲ. ಅದು ನಿನ್ನ ಕಿವಿಗೆ ಬಿದ್ದ ಮಾತು.

ಮೂರನೇ ಪುಟಕ್ಕೆ ಬಂದರೆ ಒಂದು ಉದ್ದದ ಪ್ಯಾರಾ. ಶ್ರಮ, ಕಾಲ, ಮಣ್ಣು, ಮನುಷ್ಯನ ಒಂಟಿತನ, ಎಲ್ಲ ಇದೆ. ಅಪ್ಪ ಇಲ್ಲ, ಕೊಪ್ಪರಿಗೆ ಇಲ್ಲ. ಈ ಧಾಟಿ ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಆಮೇಲೆ ಹೊಳೆಯಿತು, ಇದು ನಿನ್ನ ಗೆಳತಿಯ ಧಾಟಿ. ಅವಳ ಬಹುಮಾನದ ಕಥೆಯ ನಡುವೆ ಇಂಥದ್ದೇ ಒಂದು ಚಿಂತನೆ ಬರುತ್ತೆ. ಅಲ್ಲಿ ಅದು ಒಪ್ಪುತ್ತೆ, ಯಾಕೆಂದರೆ ಅವಳ ಕಥೆ ಹೇಳುವವನು ರಿಟೈರಾದ ಮೇಷ್ಟ್ರು, ಯೋಚನೆ ಮಾಡುವುದೇ ಅವನ ಸ್ವಭಾವ. ನಿನ್ನ ಕಥೆ ಹೇಳುವವಳು ಹತ್ತು ವರ್ಷದ ಹುಡುಗಿ. ಅವಳ ಬಾಯಲ್ಲಿ ಈ ಮಾತು ನಿಲ್ಲುವುದಿಲ್ಲ. ನಿನ್ನ ಕಥೆ ಮುಂದೆ ಹೋಗದೆ ನಿಂತಿರುವುದು ಸರಿಯಾಗಿ ಈ ಪ್ಯಾರಾದ ಕೊನೆಗೆ.

ಹೋಲಿಕೆಯಿಂದ ಆದ ನಷ್ಟ ಇದು ಕಣಮ್ಮ. ನಿದ್ದೆ ಕೆಡುವುದು, ಅಳು ಬರುವುದು ಎಲ್ಲ ಇದ್ದದ್ದೇ, ಸರಿ ಹೋಗುತ್ತೆ. ಆದರೆ ಅದು ನಿನ್ನ ಪುಟದೊಳಕ್ಕೆ ಬಂದು, ನಿನಗೆ ಬರುವುದನ್ನು ಬಿಡಿಸಿ, ಅವಳಿಗೆ ಬರುವುದನ್ನು ಬರೆಸಿತಲ್ಲ. ಅದಕ್ಕೆ ನನಗೆ ಸಂಕಟ.

ಅನುಮಾನ ಬಂದಾಗ ಹೀಗೆ ಮಾಡು. ಎಲ್ಲಿ ಅಂತ ಕೇಳು. ಯಾವ ಪುಟ, ಯಾವ ಸಾಲು? ಬೆರಳಿಟ್ಟು ತೋರಿಸೋಕೆ ಆದರೆ ಆ ಅನುಮಾನ ನಿಜವಾದದ್ದು. ಅದರ ಮಾತು ಕೇಳಿ ಆ ಸಾಲು ತಿದ್ದು. 'ಮೂರನೇ ಪುಟದಲ್ಲಿ ಏನೋ ಸರಿಯಿಲ್ಲ' ಅಂತ ನಿನಗೂ ಅನ್ನಿಸಿತ್ತು, ಇಲ್ಲದಿದ್ದರೆ ಅಲ್ಲಿ ನಿಲ್ಲುತ್ತಿರಲಿಲ್ಲ. ಅಂದರೆ ನಿನ್ನ ಅನುಮಾನಕ್ಕೆ ಓದೋಕೆ ಬರುತ್ತೆ. ನೀನೇ ಅದನ್ನು ತಪ್ಪಾಗಿ ಕೇಳಿಸಿಕೊಂಡು 'ನನಗೆ ಬರೆಯೋಕೆ ಬರಲ್ಲ' ಅಂತ ತಿಳಿದೆ. 'ನನಗೆ ಬರಲ್ಲ' ಅನ್ನೋ ಮಾತಿಗೆ ಪುಟ ಇಲ್ಲ, ಸಾಲು ಇಲ್ಲ. ಅದನ್ನು ತಿದ್ದೋಕೂ ಆಗುವುದಿಲ್ಲ. ಅದು ಬಂದ ದಿನ ಅದರ ಜೊತೆ ವಾದಕ್ಕೆ ಕೂರಬೇಡ. ಊಟ ಮಾಡಿ ಮಲಗು, ಬೆಳಗ್ಗೆ ಎದ್ದು ಹಿಂದಿನ ದಿನದ ಕೊನೆಯ ಪುಟ ಕೈಯಲ್ಲಿ ನಕಲು ಮಾಡು. ನಕಲು ಮಾಡುತ್ತಾ ಮುಂದಿನ ಸಾಲು ಬರುವುದುಂಟು. ನನಗೆ ಈಗಲೂ ಹಾಗೇ ಬರುತ್ತೆ.

ಹೊಟ್ಟೆಕಿಚ್ಚಿಗೂ ಒಂದು ಕೆಲಸ ಕೊಡು. ಗೆಳತಿಯ ಕಥೆಯನ್ನು ಪೆನ್ಸಿಲ್ ಹಿಡಿದು ಇನ್ನೊಂದು ಸಲ ಓದು. ಅವಳ ಕಥೆಯಲ್ಲಿ ಮೇಷ್ಟ್ರ ಹೆಂಡತಿ ಸತ್ತ ಸುದ್ದಿ ಯಾವ ಸಾಲಿನಲ್ಲಿ ಬರುತ್ತೆ ನೋಡಿದೆಯಾ? ಹಾಲಿನ ಲೆಕ್ಕದ ನಡುವೆ ಬರುತ್ತೆ. ಅರ್ಧ ಲೀಟರ್ ಸಾಕು ಅನ್ನುತ್ತಾನೆ, ಅಷ್ಟೇ. ಅದನ್ನು ಹೇಗೆ ಮಾಡಿದಳು, ಹಿಂದೆ ಎಲ್ಲಿ ತಯಾರಿ ಮಾಡಿಕೊಂಡಳು ಅಂತ ಹುಡುಕು. ಇದು ಕಲಿಯೋಕೆ ಸಿಗುವ ವಿದ್ಯೆ. ಸಾಧ್ಯವಾದರೆ ಅವಳಿಗೇ ಫೋನ್ ಮಾಡಿ ಕೇಳು. ನೀನು ಅವಳಿಗೆ ಇನ್ನೂ ಅಭಿನಂದನೆ ಹೇಳಿಲ್ಲ ಅಂತ ನಿನ್ನ ಪತ್ರ ಓದಿದರೆ ಗೊತ್ತಾಗುತ್ತೆ. ಅವಳಿಗೂ ಒಳಗೊಳಗೆ ಏನಿದೆಯೋ. ಎರಡನೇ ಪುಸ್ತಕದ ಹೆದರಿಕೆ ಮೊದಲನೆಯದಕ್ಕಿಂತ ದೊಡ್ಡದು.

ಧಾರಾವಾಹಿ ಕೆಲಸವನ್ನು ಕೀಳಾಗಿ ನೋಡಬೇಡ. ಅದು ನಿನ್ನ ಮನೆ ನಡೆಸುತ್ತಿದೆ. ದಿನಾ ಅಷ್ಟೊಂದು ಜನರ ಬಾಯಿಗೆ ಮಾತು ಕೊಟ್ಟೂ ಕೊಟ್ಟೂ ನಿನ್ನ ಕಿವಿ ಚುರುಕಾಗಿದೆ. ಆದರೆ ರಾತ್ರಿ ಸುಸ್ತಾದ ಮೇಲೆ ಉಳಿದ ಹೊತ್ತನ್ನು ಕಥೆಗೆ ಕೊಡಬೇಡ. ಎಪಿಸೋಡ್ ಶುರು ಮಾಡುವ ಮೊದಲು, ಬೆಳಗ್ಗೆ, ಕಥೆಗೆ ಕೂತುಕೋ. ಮೊಬೈಲ್ ಬೇರೆ ರೂಮಿನಲ್ಲಿರಲಿ.

ಆ ಪ್ಯಾರಾ ಹೊಡೆದುಹಾಕು. 'ಇನ್ನೊಸಿ ಬೇಕು' ಅಂದ ಜಾಗದಿಂದ ಮುಂದಕ್ಕೆ ಹೋಗು. ನನಗೆ ಎರಡು ಪ್ರಶ್ನೆ ಇದೆ. ಮಗಳ ಬೆರಳಿಂದ ಹದ ನೋಡುತ್ತಿದ್ದಾನೆ ಅಂತ ಆಲೆಮನೆ ಮಾಲೀಕನಿಗೆ ಯಾವಾಗ ಗೊತ್ತಾಗುತ್ತೆ? ಮಗಳು ಸ್ಕೂಲಿಗೆ ಹೋದ ದಿನ ಹದ ನೋಡುವವರು ಯಾರು? ಎರಡನೆಯದಕ್ಕೆ ಉತ್ತರ ನಿನಗೆ ಗೊತ್ತಿದ್ದೂ ಬರೆಯೋಕೆ ಹೆದರುತ್ತಿದ್ದೀಯ ಅಂತ ನನಗೆ ಅನುಮಾನ. ಊರ ಕಡೆ ಆಲೆ ನಡೆಯುತ್ತಿದ್ದರೆ ಒಂದು ಬೆಳಗ್ಗೆ ಹೋಗಿ ಕೂತುಕೊಂಡು ಬಾ. ಕೆಲಸದವರು ಏನು ಮಾತಾಡುತ್ತಾರೆ ಅಂತ ಕೇಳಿಸಿಕೋ.

ಮುಗಿದ ಮೇಲೆ ಪ್ರಿಂಟ್ ತೆಗೆಸಿಕೊಂಡು ಒಂದು ಭಾನುವಾರ ಬಾ. ಮೊಬೈಲಿನಲ್ಲಿ ಓದೋದು ನನ್ನ ಕಣ್ಣಿಗೆ ಕಷ್ಟ. ಬೆಳಗಿನ ರೈಲಿಗೆ ಹೊರಟರೆ ತಿಂಡಿ ಹೊತ್ತಿಗೆ ಇಲ್ಲಿರುತ್ತೀಯ. ಬರುವ ಹಿಂದಿನ ದಿನ ಒಂದು ಫೋನ್ ಮಾಡು, ಅಷ್ಟು ಸಾಕು.

ನಿನ್ನ
ಅಕ್ಕ