ಮಗುವಿಗೆ ಅಜ್ಜಿಯ ಮಾತ್ರೆ ಬೇಡ

ಮಾನ್ಯರೇ,

ಮಕ್ಕಳಿಗೂ ಖಿನ್ನತೆ ಬರುತ್ತದೆ, ಆದರೆ ಅದಕ್ಕೆ ಮನೆಯ ದೊಡ್ಡವರ ಖಿನ್ನತೆಯ ಮಾತ್ರೆಯನ್ನೇ ಅರ್ಧ ಮುರಿದು ಕೊಡುವುದು ಅಪಾಯ. ಮದ್ದೂರು ಕಡೆಯ ನಮ್ಮ ಪರಿಚಯದವರೊಬ್ಬರು ಒಂಬತ್ತು ವರ್ಷದ ಮಗನಿಗೆ ಹೀಗೇ ಮಾಡಿದ್ದರು. ಹುಡುಗ ಸರಿಯಾಗಿ ಊಟ ಮಾಡುತ್ತಿರಲಿಲ್ಲ, ಆಟಕ್ಕೂ ಹೋಗುತ್ತಿರಲಿಲ್ಲ. ಮೊದಲು ದೃಷ್ಟಿ ತೆಗೆದರು, ತಾಯತ ಕಟ್ಟಿಸಿದರು. ಆಮೇಲೆ ಅಜ್ಜಿಯ ಮಾತ್ರೆ!

ಖಿನ್ನತೆಯ ಔಷಧಗಳಲ್ಲಿ ಮಕ್ಕಳಿಗೆ ಹೊಂದುವುದು ಕೆಲವೇ. ಅವುಗಳಲ್ಲೊಂದಾದ ಫ್ಲೂಆಕ್ಸೆಟಿನ್‌ಗೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಖಿನ್ನತೆಗೆ ಒಪ್ಪಿಗೆ ಕೊಟ್ಟಿರುವುದು 8 ವರ್ಷ ತುಂಬಿದ ಮೇಲೆ. ಇಂಥ ಮಾತ್ರೆಗಳಿಂದ ಕೆಲವು ಮಕ್ಕಳಲ್ಲಿ ಸಾಯುವ ಯೋಚನೆ ಜಾಸ್ತಿಯಾಗಬಹುದು ಎಂದು 2004ರಲ್ಲೇ ಅದು ಎಚ್ಚರಿಸಿದೆ. ಶುರುವಿನ ವಾರಗಳಲ್ಲಿ ಮಗುವನ್ನು ಗಮನಿಸುತ್ತಲೇ ಇರಬೇಕು. ಹಾಗಂತ ಮಾತ್ರೆಯೇನೂ ವಿಷವಲ್ಲ. ವೈದ್ಯರು ಬರೆದುಕೊಟ್ಟಿದ್ದನ್ನು ಸುಮ್ನೆ ಹೆದರಿ ನಿಲ್ಲಿಸುವುದೂ ತಪ್ಪು. ಚಿಕ್ಕ ಮಕ್ಕಳಿಗೆ ಮೊದಲು ಆಪ್ತಸಮಾಲೋಚನೆ, ಬೇಕಾದರಷ್ಟೇ ಔಷಧ. ಯಾವುದು, ಎಷ್ಟು ಎಂದು ತಜ್ಞರೇ ಹೇಳಬೇಕು ಅಲ್ವಾ?

ಹಳ್ಳಿಯವರು ಅದಕ್ಕೆಂದು ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು. ಮಂಡ್ಯ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಗಳಲ್ಲಿ ತಿಂಗಳಿಗೊಂದು ದಿನವಾದರೂ ಮಕ್ಕಳ ಮನೋವೈದ್ಯರು ಸಿಗುವಂತೆ ಆರೋಗ್ಯ ಇಲಾಖೆ ಏರ್ಪಾಡು ಮಾಡಲಿ. ಜೊತೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಅನ್ನು ಪ್ರತಿ ಶಾಲೆಯ ಗೋಡೆಯ ಮೇಲೆ ಬರೆಸಲಿ.

– ಓದುಗ, ಮದ್ದೂರು